ಎರಡೂವರೆ ಲೀಟರ್ ನೀರು

ಭೌತಶಾಸ್ತ್ರ ಒಂದರಲ್ಲೇ ಎರಡು ಸಲ ಡುಮ್ಕಿ ಹೊಡೆದ ಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಪರೀಕ್ಷಮ್ಮ ಎಂಬ ಹೆಸರು ಬಿದ್ದಿತ್ತು. ಬಟ್ಟೆ ಮಡಿಸುವ ಮೇಜಿನ ಹೆಂಗಸರು ಇಟ್ಟ ಹೆಸರು. "ದಾರಿ ಬಿಡ್ರೇ, ಪರೀಕ್ಷಮ್ಮ ಬಂದ್ಲು. ತಲೆ ತುಂಬ ಸೂತ್ರ ಇದೆ, ತಗಲಿದ್ರೆ ತುಳುಕೀತು," ಎಂದು ಒಬ್ಬಳು ಅಂದರೆ ಉಳಿದವರು ಕಿಸಕ್ಕೆಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಮುಖ ಊದಿಸಿಕೊಂಡರೆ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂಬಷ್ಟು ಲೋಕಜ್ಞಾನ ಅವಳಿಗಿತ್ತು.

ನಲವತ್ತೆರಡು ವರ್ಷದ ಹೆಂಗಸು. ಹದಿನಾರು ವರ್ಷದಿಂದ ಬಿಸಿ ರೋಲರಿನ ಮುಂದೆ ನಿಂತು ಒದ್ದೆ ಹಾಸುಬಟ್ಟೆಗಳನ್ನು ಒಳಗೆ ತಳ್ಳುತ್ತ ಬಂದವಳು. ಆ ಕಡೆಯಿಂದ ಬಟ್ಟೆ ಒಣಗಿ ಹಪ್ಪಳದ ಹಾಗೆ ಸಪಾಟಾಗಿ ಹೊರಬೀಳುತ್ತಿತ್ತು. ಈ ಕಡೆ ಅವಳ ಮೊಣಕಾಲು ದಿನದಿಂದ ದಿನಕ್ಕೆ ಬಾಗುವುದನ್ನು ಮರೆಯುತ್ತಿತ್ತು. ಈಗಿರುವ ಬಾಯ್ಲರ್‌ನವನು ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. ಸಂಜೆ ತರಗತಿಯ ಭೌತಶಾಸ್ತ್ರ ಪಾಸಾದರೆ ಆ ಜಾಗ ನಿನಗೇ, ಇಲ್ಲದಿದ್ದರೆ ಹೊರಗಿನವರನ್ನು ತರುತ್ತೇವೆ ಎಂದು ಸೂಪರ್‌ವೈಸರ್ ಹೇಳಿದ್ದ. ಬಾಯ್ಲರ್ ಮನೆಯಲ್ಲಿ ಒಂದು ಕುರ್ಚಿಯಿತ್ತು. ಕೂತು ಮಾಡುವ ಕೆಲಸ. ಅವಳು ಆ ಕುರ್ಚಿಯನ್ನು ಕನಸಿನಲ್ಲೂ ಕಂಡಿದ್ದಳು. ಆದರೆ ಪರೀಕ್ಷೆಗೆ ಕೂರಲು ಮೂರೇ ಅವಕಾಶ. ಇದು ಮೂರನೆಯದು.

ಅದಕ್ಕೇ ಪ್ರತಿ ಭಾನುವಾರ ಮಧ್ಯಾಹ್ನ ಅವಳು ನೂರೆಣಿಕೆಯ ಮನೆಗೆ ಹೋಗುತ್ತಿದ್ದಳು.

ನೂರೆಣಿಕೆ ಎಂದರೆ ಇದೇ ಪರೀಕ್ಷೆ ಪಾಸಾಗಿ ಬಂದಿದ್ದ, ಲಾಂಡ್ರಿಯ ಹಳೆಯ ಬಾಯ್ಲರ್‌ನವನು. ಬೆಳಿಗ್ಗೆ ಹಬೆ ಬಿಡುವ ಮುನ್ನ ಅವನು ವಾಲ್ವಿನ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಬಾಯಲ್ಲಿ ಒಂದರಿಂದ ನೂರರವರೆಗೆ ಎಣಿಸುತ್ತಿದ್ದ. ಇನ್ನರ್ಧ ಸುತ್ತು, ಇನ್ನೊಂದು ನೂರು. ಆಮೇಲೆಯೇ ಪೂರ್ತಿ. ಬೆಂಕಿ ಬಿದ್ದರೂ ಅವನು ತೊಂಬತ್ತೊಂಬತ್ತಕ್ಕೆ ನಿಲ್ಲಿಸುವವನಲ್ಲ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಳದ ಮೂಲೆಯಲ್ಲಿ ಹಬೆಯ ಪೈಪಿನ ಬಾಗು ಒಡೆಯಿತು. ಕೊನೆಯ ಸುತ್ತು ತಿರುಗಿಸಿ ಹೊರಬಂದು, ಎಂದಿನಂತೆ ಆ ಬಾಗಿನ ಹತ್ತಿರ ಕಿವಿಗೊಟ್ಟು ನಿಂತಿದ್ದವನ ಮುಖಕ್ಕೂ ಕೈಗೂ ಹಬೆ ಹೊಡೆಯಿತು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ಪುಸ್ತಕವನ್ನು ಮೂಗಿಗೆ ತಗಲಿಸಿಕೊಂಡರೆ ಒಂದು ಸಾಲು ಕಾಣಿಸುತ್ತಿತ್ತು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿ ಸೌಟಿನ ಹಾಗೆ ಆಗಿದ್ದವು. ವಿಚಾರಣೆ ನಡೆಸಿದವರು ಒಂದೇ ಸಾಲು ಬರೆದರು: ವಾಲ್ವನ್ನು ಅವಸರದಿಂದ ತೆರೆದದ್ದೇ ಕಾರಣ. ಅಲ್ಲಿಗೆ ಅವನ ಕೆಲಸವೂ ಹೋಯಿತು, ಹೆಸರೂ ಹೋಯಿತು. ಲಾಂಡ್ರಿಯವರ ಬಾಯಲ್ಲಿ ಅವನು ಅವಸರಪ್ಪನಾದ.

ಬದುಕಿನಲ್ಲಿ ಅವಸರವನ್ನೇ ಕಾಣದವನಿಗೆ ಆ ಹೆಸರು ಸುಟ್ಟ ಗಾಯಕ್ಕಿಂತ ಆಳಕ್ಕೆ ಇಳಿದಿತ್ತು. ಮನೆಯಲ್ಲೂ ಅದೇ ಹೆಸರು. ಅವನನ್ನು ನೋಡಿಕೊಳ್ಳುತ್ತಿದ್ದವಳು ಒಡಹುಟ್ಟಿದ ಅಕ್ಕ. ಊರಿಗೆಲ್ಲ ಅವಳು ದೊಡ್ಡಕ್ಕ. ಹೊಲಿಗೆ ಯಂತ್ರ ಇಟ್ಟುಕೊಂಡು ದಿಂಬಿನ ಚೀಲ ಹೊಲಿಯುತ್ತಿದ್ದಳು. ನಾಲಿಗೆಯೂ ಸೂಜಿಯೇ.

ಪರೀಕ್ಷೆಯ ಹಿಂದಿನ ದಿನದ ಭಾನುವಾರವೂ ಹಾಗೇ ಆಯಿತು. ಪರೀಕ್ಷಮ್ಮ ಚಪ್ಪಲಿ ಬಿಡುವಷ್ಟರಲ್ಲೇ ಒಳಗಿನಿಂದ ಯಂತ್ರದ ಸದ್ದು ನಿಂತಿತು.

"ಬಂದ್ಲು ನೋಡಪ್ಪ ನಿನ್ನ ಶಿಷ್ಯೆ. ಅವಸರಪ್ಪ, ಇವತ್ತಾದರೂ ನಿಧಾನವಾಗಿ ಹೇಳಿಕೊಡು. ಹೋದ ವಾರ ಪಾಪ, ಬೆವರು ಒರೆಸ್ಕೊಂಡು ಹೋದ್ಲು."

"ನೀನು ಹೊಲಿ ಅಕ್ಕ," ಅಂದ ನೂರೆಣಿಕೆ. ಅದಕ್ಕಿಂತ ಹೆಚ್ಚಿಗೆ ಅವನು ಯಾವತ್ತೂ ಉತ್ತರ ಕೊಟ್ಟದ್ದಿಲ್ಲ.

ಒಂದೇ ಕಿಟಕಿಯ ಕೋಣೆ. ಕಿಟಕಿಯ ಆಚೆ ಎದುರುಮನೆಯ ಬೋಳು ಗೋಡೆ. ಅದರ ಮೇಲಿನಿಂದ ಜಾರಿ ಬರುವ ಬೂದುಬಣ್ಣದ ಬೆಳಕು ಮೇಜಿನ ಒಂದು ತುದಿಯನ್ನಷ್ಟೇ ಮುಟ್ಟುತ್ತಿತ್ತು. ಆ ತುದಿಯಲ್ಲಿ ಅವಳ ಟಿಪ್ಪಣಿ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ತುದಿ ಕಚ್ಚಿದ ಪೆನ್ಸಿಲ್ಲು. ಆ ತುದಿಯ ಕುರ್ಚಿಯನ್ನು ಅವನು ಯಾವಾಗಲೂ ಅವಳಿಗೇ ಬಿಟ್ಟುಕೊಡುತ್ತಿದ್ದ. "ನನಗೆ ಬೆಳಕಿದ್ರೂ ಒಂದೇ, ಇಲ್ಲದಿದ್ರೂ ಒಂದೇ," ಎನ್ನುತ್ತಿದ್ದ.

ಮೊದಲು ಯಂತ್ರಶಾಸ್ತ್ರವನ್ನು ತಿರುವಿಹಾಕಿದರು. ವೇಗ, ವೇಗೋತ್ಕರ್ಷ, ಬಲ, ಸಂವೇಗ. ಪುಸ್ತಕದ ಲೆಕ್ಕಗಳಲ್ಲಿ ಬರುವ ಗುಂಡು, ರೈಲು, ಗೋಪುರದಿಂದ ಬೀಳುವ ಕಲ್ಲು ಇವೆಲ್ಲ ಅವಳ ತಲೆಗೆ ಹತ್ತುತ್ತಲೇ ಇರಲಿಲ್ಲ. ಅವನು ಅದನ್ನು ಮೊದಲ ವಾರದಲ್ಲೇ ಕಂಡುಹಿಡಿದು, ಎಲ್ಲವನ್ನೂ ಲಾಂಡ್ರಿಗೆ ತಂದು ನಿಲ್ಲಿಸಿದ್ದ. ಗುಂಡಿನ ಬದಲು ಒದ್ದೆ ಬಟ್ಟೆಯ ತಳ್ಳುಗಾಡಿ. ಗೋಪುರದ ಬದಲು ಕೊಳೆಬಟ್ಟೆ ಸುರಿಯುವ ಜಾರು.

"ನೂರಿಪ್ಪತ್ತು ಕಿಲೋ ಗಾಡಿ. ಸೆಕೆಂಡಿಗೆ ಎರಡು ಮೀಟರ್ ಓಡ್ತಾ ಇದೆ. ನೀನು ಅಡ್ಡ ಬಂದೆ. ಎಷ್ಟು ಸಂವೇಗ?"

"ಇನ್ನೂರನಲವತ್ತು."

"ಇನ್ನೂರನಲವತ್ತು ಏನು? ಬದನೆಕಾಯಾ?"

"ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್."

"ಏಕಮಾನ ಬರೆಯದಿದ್ರೆ ಅರ್ಧ ಅಂಕ ಹೋಯ್ತು ಅಂತ ತಿಳ್ಕೋ. ಹೋದ ಸಲ ಎಷ್ಟಕ್ಕೆ ಫೇಲಾದೆ?"

"ಎರಡು ಅಂಕಕ್ಕೆ."

"ನಾಲ್ಕು ಏಕಮಾನ," ಅಂದ ಅವನು. ಅದು ಬೈಗುಳವೋ ಸಮಾಧಾನವೋ ಅವಳಿಗೆ ತಿಳಿಯಲಿಲ್ಲ. ಅವನ ಮುಖದ ಚರ್ಮ ಬಿಗಿದು ಹೊಳೆಯುತ್ತಿದ್ದುದರಿಂದ ಅಲ್ಲಿ ನಗು ಬಂದರೂ ಹೋದರೂ ಗೊತ್ತಾಗುತ್ತಿರಲಿಲ್ಲ.

ಅವಳಿಗೆ ತನ್ನ ಮೇಲೆ ನಂಬಿಕೆ ಕಡಿಮೆ. ಉತ್ತರ ಸರಿ ಬಂದರೂ ಮತ್ತೆ ಮೊದಲಿನಿಂದ ಗುಣಿಸುವವಳು. ಎರಡನೆಯ ಸಲವೂ ಅದೇ ಬಂದರೆ, ಎರಡು ಸಲವೂ ಒಂದೇ ತಪ್ಪು ಮಾಡಿರಬಹುದೇ ಎಂದು ಮೂರನೆಯ ಸಲ. ಕಳೆದ ಎರಡು ಪರೀಕ್ಷೆಗಳಲ್ಲೂ ಗಂಟೆ ಹೊಡೆದಾಗ ಅವಳು ಮೊದಲ ಅರ್ಧದಲ್ಲೇ ಇದ್ದಳು. "ಒಂದೇ ಸಲ ಸರಿನೋಡು. ಎರಡನೇ ಸಲ ನೋಡೋದು ಲೆಕ್ಕಕ್ಕಲ್ಲ, ಭಯಕ್ಕೆ," ಎಂದು ಅವನು ಹೇಳಿ ಹೇಳಿ ಸೋತಿದ್ದ.

ಮೂರೂವರೆಗೆ ಉಷ್ಣದ ಅಧ್ಯಾಯ ತೆರೆದರು. ಹೋದ ವರ್ಷದ ಪತ್ರಿಕೆಯ ಏಳನೆಯ ಪ್ರಶ್ನೆ: ತಣ್ಣಗಿರುವ ಹತ್ತು ಕಿಲೋ ಕಬ್ಬಿಣದ ಪಾತ್ರೆಯನ್ನು ನೂರು ಡಿಗ್ರಿಗೆ ಏರಿಸಲು ಎಷ್ಟು ಹಬೆ ನೀರಾಗಬೇಕು? ಅವಳು ಗುಪ್ತೋಷ್ಣ, ವಿಶಿಷ್ಟ ಉಷ್ಣ ಎರಡನ್ನೂ ಅದಲುಬದಲು ಮಾಡಿ, ಪಾತ್ರೆಗೆ ಎರಡು ಸಾವಿರ ಲೀಟರ್ ನೀರು ಬೇಕೆಂದು ಉತ್ತರ ತಂದಳು.

"ಪಾತ್ರೆ ತೇಲಿಹೋಯ್ತಲ್ಲಮ್ಮ," ಅಂದ ನೂರೆಣಿಕೆ. "ಬಿಡು ಪಾತ್ರೆ. ನಮ್ಮ ಪೈಪನ್ನೇ ತಗೋ. ಬಾಯ್ಲರ್ ಮನೆಯಿಂದ ನಿನ್ನ ರೋಲರ್ ತನಕ ನಲವತ್ತು ಮೀಟರ್. ಮೀಟರಿಗೆ ನಾಲ್ಕು ಕಿಲೋ ತೂಕ. ಬೆಳಿಗ್ಗೆ ಅದರ ತಾಪ ಇಪ್ಪತ್ತು ಡಿಗ್ರಿ. ಹಬೆ ಬಿಟ್ಟೆ. ತಣ್ಣಗಿರೋ ಕಬ್ಬಿಣ ಬಿಸಿ ಆಗಬೇಕು. ಆ ಬಿಸಿಯನ್ನ ಯಾರು ಕೊಡ್ತಾರೆ?"

"ಹಬೆ."

"ಕೊಟ್ಟು ತಾನೇನಾಗುತ್ತೆ?"

"ನೀರು."

"ಎಷ್ಟು ನೀರು? ಮಾಡು."

ಅವಳು ಬರೆಯತೊಡಗಿದಳು. ನೂರರವತ್ತು ಕಿಲೋ ಕಬ್ಬಿಣ. ಕಿಲೋ ಕಬ್ಬಿಣಕ್ಕೆ ಡಿಗ್ರಿಗೆ ನಾನೂರೈವತ್ತು ಜೂಲ್. ಏರಬೇಕಾದದ್ದು ಎಂಬತ್ತು ಡಿಗ್ರಿ. ಐವತ್ತೇಳು ಲಕ್ಷದ ಅರವತ್ತು ಸಾವಿರ ಜೂಲ್. ಕಿಲೋ ಹಬೆ ನೀರಾದರೆ ಬಿಟ್ಟುಕೊಡುವುದು ಇಪ್ಪತ್ತೆರಡು ಲಕ್ಷದ ಅರವತ್ತು ಸಾವಿರ. ಭಾಗಿಸಿದಳು. ಎರಡೂವರೆ ಬಂತು, ಮೇಲೆ ಸ್ವಲ್ಪ.

ಅವಳು ಅದನ್ನು ನೋಡುತ್ತ ಕೂತಳು. ದಶಾಂಶ ಬಿಂದು ಜಾರಿರಬೇಕು ಅನ್ನಿಸಿತು. ಮತ್ತೆ ಮಾಡಿದಳು. ಅಷ್ಟೇ ಬಂತು. ಮೂರನೆಯ ಸಲವೂ ಮಾಡಿದಳು.

"ಎಷ್ಟು?" ಅಂದ ಅವನು.

"ಎರಡೂವರೆ ಕಿಲೋ ಅಂತ ಬರ್ತಿದೆ. ತಪ್ಪಿರಬೇಕು. ಒಂದು ಲೋಟ ಇರಬಹುದು ಅಂದ್ಕೊಂಡಿದ್ದೆ."

"ತಪ್ಪಿಲ್ಲ. ಎರಡೂವರೆ ಲೀಟರ್. ದಿನಾ ಬೆಳಿಗ್ಗೆ ಅಷ್ಟು ನೀರು ಆ ಪೈಪಲ್ಲಿ ಹುಟ್ಟುತ್ತಿತ್ತು. ನಿನ್ನ ರೋಲರ್ ಕೆಳಗಿನ ಕಾಕಿನಿಂದ, ಆ ಪುಟ್ಟ ನಲ್ಲಿಯಿಂದ, ಚರಂಡಿಗೆ ಹೋಗ್ತಿತ್ತು, ನಿನಗೆ ಬರೀ ಬುಸ್ ಅನ್ನೋ ಹೊಗೆ ಕಾಣಿಸ್ತಿತ್ತು. ಈಗ ಯಂತ್ರಶಾಸ್ತ್ರ ಸೇರಿಸು. ಆ ನೀರನ್ನ ಹಬೆ ಹಿಂದಿನಿಂದ ತಳ್ಳಿತು ಅನ್ನು. ಸೆಕೆಂಡಿಗೆ ಮೂವತ್ತು ಮೀಟರ್. ಬಾಗಿಗೆ ಬಂದು ನೂರನೇ ಒಂದು ಸೆಕೆಂಡಲ್ಲಿ ನಿಂತಿತು. ಬಲ ಎಷ್ಟು?"

ಅವಳ ಕೈ ತಾನಾಗಿ ಬರೆಯಿತು. ಎಪ್ಪತ್ತೈದನ್ನು ನೂರರಿಂದ ಗುಣಿಸು. "ಏಳು ಸಾವಿರದ ಐನೂರು. ನ್ಯೂಟನ್."

"ಮುಕ್ಕಾಲು ಟನ್ ತೂಕ ಬಂದು ಬಡಿದ ಹಾಗೆ. ಎರಕದ ಬಾಗು ಒಡೆಯದೆ ಇನ್ನೇನು ಮಾಡುತ್ತೆ?" ಅವನು ಸೌಟಿನಂಥ ಕೈಯನ್ನು ಮೇಜಿನ ಮೇಲೆ ಎತ್ತಿಟ್ಟು ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿದ. ಮಾತಿನ ನಡುವೆ ಅವನಿಗೇ ಅರಿವಿಲ್ಲದೆ ಆ ಕೈ ಹಾಗೆ ತಿರುಗುವುದನ್ನು ಅವಳು ಐದು ವರ್ಷದಿಂದ ನೋಡುತ್ತಿದ್ದಳು. "ಅವತ್ತು ನಾನು ಅರವತ್ತರಿಂದ ಎಂಬತ್ತಕ್ಕೆ ಹಾರಿರಬೇಕು ಕಣಮ್ಮ. ಎಷ್ಟು ನೆನೆಸ್ಕೊಂಡ್ರೂ ಎಪ್ಪತ್ತು ಅಂದಿದ್ದು ನೆನಪಾಗಲ್ಲ. ನಿಧಾನವಾಗಿ ಬಿಟ್ಟಿದ್ರೆ ಇಷ್ಟು ನೀರು ಆಗ್ತಿರಲಿಲ್ಲ."

ಪರೀಕ್ಷಮ್ಮ ತಾನು ಬರೆದ ಸೂತ್ರವನ್ನೇ ನೋಡುತ್ತಿದ್ದಳು. ದ್ರವ್ಯರಾಶಿ, ವಿಶಿಷ್ಟ ಉಷ್ಣ, ತಾಪದ ಏರಿಕೆ. ಮೂರೇ ಅಕ್ಷರ.

ಅವಳಿಗೆ ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿದಂತಿತ್ತು. ನಿಯಮ ಇದ್ದದ್ದು ಹೀಗೆ: ರೋಲರಿನವಳು ಮೊದಲು ಬಗ್ಗಿ ಕೆಳಗಿನ ಕಾಕನ್ನು ತೆರೆಯಬೇಕು, ಆಮೇಲೆ ಸರಪಳಿಯಲ್ಲಿ ತೂಗುಬಿಟ್ಟ ಸ್ಪ್ಯಾನರಿನಿಂದ ಪೈಪಿಗೆ ಎರಡು ಸಲ ಬಡಿಯಬೇಕು. ಗೋಡೆ, ಅಂಗಳ ದಾಟಿ ಆ ಟಣ್ ಟಣ್ ಬಾಯ್ಲರ್ ಮನೆಗೆ ಕೇಳುತ್ತದೆ. ನೀರಿಗೆ ದಾರಿ ತೆರೆದಿದೆ, ಹಬೆ ಬಿಡಬಹುದು ಎಂದು ಅದರ ಅರ್ಥ. ಆದರೆ ರೋಲರಿನಲ್ಲಿ ದುಡಿದವರೆಲ್ಲ ವರ್ಷಗಳಿಂದ ಅದನ್ನು ತಿರುಗುಮುರುಗು ಮಾಡಿಕೊಂಡಿದ್ದರು. ಮೊದಲು ಬಡಿಯುವುದು, ಕೂದಲು ಕಟ್ಟಿಕೊಂಡು, ಏಪ್ರನ್ ಬಿಗಿದುಕೊಂಡು, ಆಮೇಲೆ ನಿಧಾನವಾಗಿ ಬಗ್ಗಿ ತೆರೆಯುವುದು. ಆ ಮನುಷ್ಯ ನೂರು ಎಣಿಸುವಷ್ಟರಲ್ಲಿ ಒಂದು ಸಂಸಾರ ಮಾಡಿ ಮುಗಿಸಬಹುದು ಎಂಬ ತಮಾಷೆ ಇತ್ತು. ಅವನ ನಿಧಾನದ ಮೇಲೆ ಅಷ್ಟು ಭರವಸೆ.

ಅವತ್ತು ಅವಳು ಬಡಿದಳು. ಬಗ್ಗುವ ಮುನ್ನ ಬಾಗಿಲ ಬಳಿ ಸೂಪರ್‌ವೈಸರ್ ಕರೆದ. ಸಂಜೆ ತರಗತಿಯ ಅರ್ಜಿಗೆ ಅವಳ ಸಹಿ ಬೇಕಿತ್ತು. ಅರ್ಜಿ ಒಯ್ಯುವವನು ಹೊರಟು ನಿಂತಿದ್ದ. ಅವಳು ಓಡಿದಳು. ಪೆನ್ನಿನಲ್ಲಿ ಶಾಯಿ ಇರಲಿಲ್ಲ. ಇನ್ನೊಂದು ಪೆನ್ನು ಹುಡುಕಿದರು. ಎರಡು ಕಡೆ ಸಹಿ ಹಾಕಿಸಿಕೊಂಡರು. ವಯಸ್ಸು ಕೇಳಿ ಸೂಪರ್‌ವೈಸರ್ ಏನೋ ತಮಾಷೆ ಮಾಡಿದ, ಅವಳು ನಕ್ಕಳು. ನಗುತ್ತಿರುವಾಗಲೇ ಅಂಗಳದಲ್ಲಿ ಸಿಡಿಲು ಬಿದ್ದಂಥ ಸದ್ದಾಯಿತು. ಎಲ್ಲರೂ ಹೊರಗೆ ಓಡಿದರು. ಅವಳು ಒಳಗೆ ಓಡಿದಳು. ಬಗ್ಗಿ ಕಾಕು ತೆರೆದಳು. ಬಿಸಿನೀರು ಸುರಿಯಿತು. ಸಂಜೆ ವಿಚಾರಣೆಗೆ ಬಂದವರು ನೋಡಿದಾಗ ಅದು ತೆರೆದಿತ್ತು. "ತೆರೆದಿತ್ತಾ?" ಎಂದು ಕೇಳಿದರು. "ತೆರೆದಿದೆ," ಎಂದಳು.

ಸುಳ್ಳು ಹೇಳಲಿಲ್ಲವಲ್ಲ ಎಂದು ಅಂದು ಮನಸ್ಸಿಗೆ ಹೇಳಿಕೊಂಡಿದ್ದಳು. ನಾಲ್ಕೈದು ನಿಮಿಷದಲ್ಲಿ ಪೈಪಿನೊಳಗೆ ಎಷ್ಟು ನೀರಾದೀತು? ಒಂದು ಲೋಟ. ಒಂದು ಲೋಟ ನೀರು ಕಬ್ಬಿಣ ಒಡೆಯುವುದುಂಟೇ? ಓದಿದವರು ಬಂದು ಅವಸರ ಎಂದು ಬರೆದುಕೊಟ್ಟಿದ್ದಾರೆ. ಅವರಿಗಿಂತ ತಾನು ಹೆಚ್ಚು ತಿಳಿದವಳೇ? ಆ ಒಂದು ಲೋಟದ ಮೇಲೆ ಅವಳು ಐದು ವರ್ಷ ಕಳೆದಿದ್ದಳು. ಭಾನುವಾರಗಳಂದು ಇಲ್ಲಿಗೆ ಬರುವುದು ಓದಿಗೆ ಅಂದುಕೊಂಡಿದ್ದಳು. ಓದು ಶುರುವಾಗುವ ಮೊದಲೇ ಬರುತ್ತಿದ್ದಳಲ್ಲ, ಅದು ಯಾಕೆ ಎಂದು ಕೇಳಿಕೊಂಡಿರಲಿಲ್ಲ.

"ಅಣ್ಣಾ," ಎಂದಳು. "ಈ ಸೂತ್ರದಲ್ಲಿ ಕಾಲ ಎಲ್ಲಿದೆ?"

"ಯಾವ ಕಾಲ?"

"ನಿಧಾನ, ಅವಸರ... ಸೆಕೆಂಡು, ನಿಮಿಷ. ಎಲ್ಲೂ ಬರಲ್ವಲ್ಲ."

ಅವನು ಪುಸ್ತಕವನ್ನು ಎಳೆದುಕೊಂಡು ಮೂಗಿಗೆ ತಗಲಿಸಿದ. ಸೂತ್ರದ ಮೇಲೆ ಅವನ ಕಣ್ಣು ಎಡದಿಂದ ಬಲಕ್ಕೆ, ಮತ್ತೆ ಎಡಕ್ಕೆ ಹರಿಯಿತು.

"ಇಲ್ಲ," ಎಂದ.

"ನಿಧಾನಕ್ಕೆ ಬಿಟ್ರೂ ಪೈಪಿಗೆ ಅಷ್ಟೇ ಉಷ್ಣ ಬೇಕು. ಅವಸರದಲ್ಲಿ ಬಿಟ್ರೂ ಅಷ್ಟೇ. ನೀರೂ ಅಷ್ಟೇ ಆಗುತ್ತೆ."

"ಹೌದು... ನೀರು ಅಷ್ಟೇ ಆಗುತ್ತೆ. ನಿಧಾನ ಯಾಕೆ ಅಂದ್ರೆ, ಅದು ಹೊರಗೆ ಹರಿದುಹೋಗೋಕೆ ಪುರುಸೊತ್ತು ಸಿಗಲಿ ಅಂತ. ದಾರಿ ಮುಚ್ಚಿದ್ರೆ ಸಾವಿರ ಎಣಿಸಿದ್ರೂ ನೀರು ಅಲ್ಲೇ..." ಅವನು ಅಲ್ಲಿಗೆ ನಿಲ್ಲಿಸಿದ. ಪುಸ್ತಕವನ್ನು ಮುಖದಿಂದ ಇಳಿಸಿದ. "ದಾರಿ ತೆರೆದಿತ್ತಲ್ಲ. ನೀನು ಬಡಿದೆಯಲ್ಲ. ನಾನು ಕೇಳಿಸ್ಕೊಂಡೆ, ಎರಡು ಸಲ."

"ಬಡಿದೆ."

ಹೊಲಿಗೆ ಯಂತ್ರದ ಸದ್ದು ಯಾವಾಗಲೋ ನಿಂತಿತ್ತು.

"ತೆರೆದು ಬಡಿದೆಯಾ," ಅಂದ ನೂರೆಣಿಕೆ, ಒಂದೊಂದೇ ಮಾತನ್ನು ಇಳಿಸಿಡುತ್ತ, "ಬಡಿದು ತೆರೆದೆಯಾ?"

"ಬಡಿದೆ, ಅಣ್ಣ. ಒಡೆದ ಮೇಲೆ ತೆರೆದೆ." ಆಮೇಲೆ ಅವಳು ನಿಲ್ಲಿಸಲಾರದೆ ಎಲ್ಲವನ್ನೂ ಹೇಳಿದಳು. ಅರ್ಜಿ, ಶಾಯಿಯಿಲ್ಲದ ಪೆನ್ನು, ಎರಡು ಸಹಿ, ನಕ್ಕದ್ದನ್ನೂ ಬಿಡಲಿಲ್ಲ. "ನಾನೊಬ್ಬಳೇ ಅಲ್ಲ, ಎಲ್ಲರೂ ಹಾಗೇ ಮಾಡ್ತಿದ್ವಿ. ನೀವು ನೂರು ಎಣಿಸ್ತೀರಲ್ಲ ಅಂತ..." ಎಂದವಳು, ಅದು ನೆಪದ ಹಾಗೆ ಕೇಳಿಸಿ, ಬಾಯಿ ಮುಚ್ಚಿಕೊಂಡಳು.

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಎದುರು ಗೋಡೆಯಲ್ಲಿ ನೋಡುವುದು ಏನೂ ಇರಲಿಲ್ಲ, ಇದ್ದರೂ ಅವನಿಗೆ ಕಾಣುತ್ತಿರಲಿಲ್ಲ. ಅವನ ಗಂಟಲಿನಿಂದ ಒಣ ಸದ್ದೊಂದು ಬಂತು. ಅವಳು ಅದನ್ನು ಅಳು ಎಂದುಕೊಂಡಳು. ಅದು ನಗುವಾಗಿತ್ತು.

"ಹಾಗಾದ್ರೆ ಎಪ್ಪತ್ತು ಅಂದಿದ್ದೆ ನಾನು," ಎಂದ.

"ಅಂದಿರ್ತೀರ."

"ಅರವತ್ತೊಂಬತ್ತು, ಎಪ್ಪತ್ತು, ಎಪ್ಪತ್ತೊಂದು. ಎಲ್ಲಾ ಅಂದಿದ್ದೆ." ಮೇಜಿನ ಮೇಲಿನ ಕೈ ಮತ್ತೆ ತಿರುಗಲು ಹೊರಟು, ನಡುವೆ ನಿಂತಿತು. ಅವನು ಅದನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

ದೊಡ್ಡಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅರ್ಧ ಹೊಲಿದ ದಿಂಬಿನ ಚೀಲ, ಬಾಯಲ್ಲಿ ಕಚ್ಚಿದ ದಾರ. ದಾರವನ್ನು ಉಗುಳಿ ಒಳಗೆ ಬಂದಳು.

"ಐದು ವರ್ಷ ನಾನು ಇವನಿಗೆ ಬಾಯಿಗೆ ಬಂದ ಹಾಗೆ ಅಂದೆ," ಎಂದಳು. "ಅನ್ನ ಬಡಿಸೋವಾಗ ಅಂದೆ, ಔಷಧಿ ಹಚ್ಚೋವಾಗ ಅಂದೆ. ನೀನು ಇಲ್ಲೇ ಕೂತು ಕೇಳಿಸ್ಕೊಂಡೆ. ಭಾನುವಾರ ಭಾನುವಾರ ಕೇಳಿಸ್ಕೊಂಡೆ. ಅಲ್ವೇನೇ?"

ದೊಡ್ಡಕ್ಕ ಮೇಜಿನ ಮೇಲಿನ ಟಿಪ್ಪಣಿ ಪುಸ್ತಕವನ್ನು ಅವಳ ಮುಂದಕ್ಕೆ ತಳ್ಳಿದಳು.

"ಬರೆದುಕೊಡು."

"ಅಕ್ಕ, ನಾಳೆ ಅವಳಿಗೆ ಪರೀಕ್ಷೆ," ಅಂದ ನೂರೆಣಿಕೆ.

"ಇವತ್ತೇ ಬರೀಲಿ. ಪೆನ್ನಲ್ಲಿ ಶಾಯಿ ಇದೆಯಲ್ಲ?"

ಹೇಗೆ ಬರೆಯಬೇಕೆಂದು ಅವಳಿಗೆ ತಿಳಿಯಲಿಲ್ಲ. ತಪ್ಪೊಪ್ಪಿಗೆಯ ಕಾಗದವನ್ನು ಅವಳು ಎಂದೂ ಬರೆದಿರಲಿಲ್ಲ. ನಾಲ್ಕು ವರ್ಷದ ಸಂಜೆ ತರಗತಿ ಅವಳಿಗೆ ಕಲಿಸಿದ್ದು ಒಂದೇ ರೀತಿಯ ಬರವಣಿಗೆ. ಹಾಗೇ ಬರೆದಳು. ದತ್ತಾಂಶ: ಪೈಪಿನ ಉದ್ದ, ತೂಕ, ತಾಪ. ಕಾಕು ಮುಚ್ಚಿತ್ತು, ಮುಚ್ಚಿದ್ದಾಗಲೇ ನಾನು ಎರಡು ಸಲ ಬಡಿದೆ. ಕಂಡುಹಿಡಿಯಬೇಕಾದದ್ದು: ಪೈಪಿನಲ್ಲಿ ನಿಂತ ನೀರು, ಬಾಗಿನ ಮೇಲಿನ ಬಲ. ಪರಿಹಾರ. ಹೆಜ್ಜೆ ಹೆಜ್ಜೆಯಾಗಿ, ಒಂದು ಗೆರೆಯನ್ನೂ ಬಿಡದೆ. ಕೊನೆಯಲ್ಲಿ ಉತ್ತರಕ್ಕೆ ಚೌಕ ಹಾಕಿ, ಅದರ ಕೆಳಗೆ ಬರೆದಳು: ವಾಲ್ವನ್ನು ಎಷ್ಟು ನಿಧಾನವಾಗಿ ತೆರೆದಿದ್ದರೂ ಉತ್ತರ ಇದೇ ಆಗುತ್ತಿತ್ತು. ಸಹಿ ಹಾಕಿದಳು.

ದೊಡ್ಡಕ್ಕ ಕಾಗದವನ್ನು ತಮ್ಮನಿಗೆ ಕೊಟ್ಟಳು. ಅವನು ಅದನ್ನು ಮೂಗಿಗೆ ತಗಲಿಸಿಕೊಂಡು ಸಾಲು ಸಾಲಾಗಿ, ಗಾಳಿಯಲ್ಲಿ ಏನನ್ನೋ ಮೂಸುವವನಂತೆ, ಮೇಲಿನಿಂದ ಕೆಳಗಿನವರೆಗೆ ಓದಿದ. ಓದಿ ಮೇಜಿನ ಮೇಲಿಟ್ಟು ಒಂದು ಕಡೆ ಉಗುರಿನಿಂದ ಗೀರಿದ.

"ಇಲ್ಲಿ. ಎರಡು ಬಿಂದು ಐದು ಐದು. ಏನು ಅಂತ ಬರೆದಿಲ್ಲ."

ಅವಳು 'ಕಿಲೋಗ್ರಾಂ' ಎಂದು ಸೇರಿಸಿದಳು. ಅಕ್ಷರದ ಮೇಲೆ ಒಂದು ಹನಿ ಬಿತ್ತು. ಬೆರಳಿನಿಂದ ಒರೆಸಿದಳು, ಶಾಯಿ ಹರಡಿತು.

"ಹತ್ತು ಗಂಟೆಗಲ್ವಾ ಪರೀಕ್ಷೆ?" ಅಂದ ಅವನು. "ಎರಡು ಪೆನ್ನು ತಗೊಂಡು ಹೋಗು. ಒಂದೇ ಸಲ ಸರಿನೋಡು." ಅವಳು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಅದೇ ಧ್ವನಿಯಲ್ಲಿ ಹೇಳಿದ: "ಇನ್ನು ಭಾನುವಾರ ಬರಬೇಡ."

ಪರೀಕ್ಷೆಯ ಕೋಣೆಯಲ್ಲಿ ಉದ್ದನೆಯ ಬೆಂಚುಗಳು, ಗೋಡೆಯಲ್ಲಿ ನಿಂತುಹೋದ ಗಡಿಯಾರ. ಅವಳ ಪಕ್ಕದಲ್ಲಿ ಒಬ್ಬ ಬಸ್ ಕಂಡಕ್ಟರ್ ಕೂತಿದ್ದ. ಅವನಿಗೂ ಇದು ಮೂರನೆಯ ಸಲ. "ಏನಕ್ಕಾ, ಎಲ್ಲಾ ತಿರುವಿಹಾಕಿದ್ರಾ?" ಎಂದು ಪಿಸುಗುಟ್ಟಿದ. ಅವಳು ತಲೆಯಾಡಿಸಿದಳು. ಆರನೆಯ ಪ್ರಶ್ನೆ ತಣ್ಣೀರಿಗೆ ಹಬೆ ಬಿಡುವುದರ ಮೇಲಿತ್ತು. ಹೆದರುವುದಕ್ಕೆ ಒಳಗೆ ಏನೂ ಉಳಿದಿರಲಿಲ್ಲವೋ ಏನೋ, ಪ್ರತಿ ಲೆಕ್ಕವನ್ನು ಒಂದೇ ಸಲ ಸರಿನೋಡಿದಳು. ಗಂಟೆ ಹೊಡೆಯುವ ಹೊತ್ತಿಗೆ ಕೊನೆಯ ಪ್ರಶ್ನೆಗೂ ಉತ್ತರ ಬರೆದು ಕೈಕಟ್ಟಿ ಕೂತಿದ್ದಳು. ಬದುಕಿನಲ್ಲಿ ಮೊದಲ ಸಲ.

ಮರುದಿನ ಅದೇ ಕಾಗದದ ಇನ್ನೊಂದು ಪ್ರತಿ ಬರೆದು ಸೂಪರ್‌ವೈಸರಿನ ಮೇಜಿನ ಮೇಲಿಟ್ಟಳು. ಅವನು ಅದನ್ನು ಕೈಗೆ ತೆಗೆದುಕೊಂಡು, ಮೊದಲು ಪರೀಕ್ಷೆಯ ಉತ್ತರವೆಂದುಕೊಂಡ.

"ಇದನ್ನ ನನಗ್ಯಾಕೆ ತೋರಿಸ್ತೀಯಮ್ಮ? ನನಗೆ ಲೆಕ್ಕ ಅಂದ್ರೆ ಆಗಲ್ಲ."

"ಓದಿ ಸಾರ್."

ಓದಿದ. ಎದ್ದು ಬಾಗಿಲು ಮುಚ್ಚಿ ಬಂದು ಕೂತ. "ಆ ಫೈಲು ಮುಚ್ಚಿ ಐದು ವರ್ಷ ಆಯ್ತು. ಈಗ ಇದನ್ನ ಎತ್ತಿದ್ರೆ ಯಾರ ಕಣ್ಣು ವಾಪಸ್ ಬರುತ್ತೆ? ಅವತ್ತು ನಿನ್ನನ್ನ ಕರೆದವನು ನಾನೇ ಅಲ್ವಾ? ನನ್ನ ಹೆಸರೂ ಎಳೀತೀಯಾ?"

"ನಿಮ್ಮ ಹೆಸರು ಬರೆದಿಲ್ಲ ಸಾರ್. ಸಹಿ ಹಾಕೋಕೆ ಹೋಗಿದ್ದೆ ಅಂತ ಅಷ್ಟೇ ಸೇರಿಸಿದೀನಿ."

"ನೋಡು, ನೀನು ಒಳ್ಳೆಯವಳು. ಅದಕ್ಕೇ ಹೇಳ್ತಿದೀನಿ. ಈ ಕಾಗದ ಇಲ್ಲಿ ಇದ್ರೆ ಬಾಯ್ಲರ್ ಕೆಲಸಕ್ಕೆ ನಿನ್ನ ಹೆಸರನ್ನ ನಾನು ಕಳಿಸೋಕಾಗಲ್ಲ. ಯಾರು ಒಪ್ತಾರೆ? ನಾನು ಕೈತೊಳ್ಕೊಂಡು ಬರ್ತೀನಿ. ಬರೋ ಅಷ್ಟರಲ್ಲಿ ಮೇಜು ಖಾಲಿ ಇದ್ರೆ, ನಾನು ಏನೂ ನೋಡಿಲ್ಲ."

ಅವನು ಹೊರಗೆ ಹೋದ. ಅವಳು ಕಾಗದವನ್ನು ನೋಡುತ್ತ ನಿಂತಳು. ಮೊಣಕಾಲು ನೋಯುತ್ತಿತ್ತು. ಬಾಯ್ಲರ್ ಮನೆಯ ಕುರ್ಚಿ ನೆನಪಾಯಿತು. ಅದರ ಒಂದು ಕಾಲು ಗಿಡ್ಡವಿದ್ದುದರಿಂದ ಯಾರೋ ಅಡಿಯಲ್ಲಿ ಮರದ ಚೂರು ಇಟ್ಟಿದ್ದರು. ಆಚೆ ನಲ್ಲಿಯಲ್ಲಿ ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು. ಅಷ್ಟು ಹೊತ್ತು ಕೈತೊಳೆಯುವವನ ಕೈಯಲ್ಲಿ ಏನಿರಬಹುದು ಎಂದು ಅವಳು ಯೋಚಿಸಿದಳು. ಕಾಗದದ ಮೇಲೆ ಗಾಳಿಗೆ ಹಾರದಂತೆ ಅವನದೇ ಪೆನ್ನಿನ ಡಬ್ಬಿ ಇಟ್ಟು ರೋಲರಿಗೆ ಮರಳಿದಳು.

ಫಲಿತಾಂಶ ಬಂದಾಗ ಅರವತ್ತೊಂದು ಅಂಕ. ಪಾಸು. ಮಡಿಸುವ ಮೇಜಿನವರು ಚಪ್ಪಾಳೆ ತಟ್ಟಿದರು. "ಇನ್ನು ನಿನ್ನನ್ನ ಏನಂತ ಕರೀಬೇಕೇ ನಾವು?" ಎಂದು ಒಬ್ಬಳು ಪೇಚಾಡಿದಳು. ಅಷ್ಟರಲ್ಲಿ ಬಾಯ್ಲರ್ ಮನೆಗೆ ಹೊರಗಿನಿಂದ ಒಬ್ಬ ಬಂದು ಆಗಿತ್ತು. ಅವಳ ಕಾಗದ ಯಾವ ಫೈಲಿಗೆ ಸೇರಿತೋ, ಯಾವ ಬುಟ್ಟಿಗೆ ಬಿತ್ತೋ, ಯಾರೂ ಅವಳನ್ನು ಕರೆದು ಏನನ್ನೂ ಕೇಳಲಿಲ್ಲ. ಬೈಯಲೂ ಇಲ್ಲ. ಅವಳು ರೋಲರಿನ ಮುಂದೆಯೇ ಉಳಿದಳು.

ದಿಂಬಿನ ಚೀಲ ತರಲು ದೊಡ್ಡಕ್ಕನ ಮನೆಗೆ ಹೋಗಿದ್ದ ಮಡಿಸುವ ಮೇಜಿನವಳೊಬ್ಬಳು ಬಂದು ಸುದ್ದಿ ಹೇಳಿದಳು. "ಗೋಡೆ ಮೇಲೆ ಒಂದು ಲೆಕ್ಕಕ್ಕೆ ಗಾಜು ಹಾಕಿಸಿ ನೇತುಹಾಕಿದಾರೆ ಕಣೇ! ಲೆಕ್ಕಕ್ಕೆ! ದೇವರ ಪಟದ ಹಾಗೆ. ಬಂದವರಿಗೆಲ್ಲ ಆ ಅಕ್ಕ ಬೆರಳಿಟ್ಟು ತೋರಿಸ್ತಾಳೆ. ನನಗೆ ಒಂದು ಅಕ್ಷರ ಅರ್ಥ ಆಗಲಿಲ್ಲ. ಕೆಳಗೆ ನಿನ್ನದೇ ಸಹಿ ಇತ್ತಪ್ಪ."

"ಅಣ್ಣ ಏನಂದ್ರು?"

"ಅವರೇನಂತಾರೆ, ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ರು. ನೀನು ಪಾಸಾದೆಯಾ ಅಂತ ಒಂದೇ ಕೇಳಿದ್ದು. ಅರವತ್ತೊಂದು ಅಂದೆ. 'ಎಲ್ಲೋ ಏಕಮಾನ ಬಿಟ್ಟಿದಾಳೆ' ಅಂದ್ರು."

ಪರೀಕ್ಷಮ್ಮ ಹಾಸುಬಟ್ಟೆಯ ಅಂಚನ್ನು ರೋಲರಿಗೆ ಕೊಟ್ಟಳು. ನಿಜ, ಎರಡು ಕಡೆ ಬಿಟ್ಟಿದ್ದಳು. ಹೊರಗೆ ಬಂದ ಮೇಲೆ ನೆನಪಾಗಿತ್ತು.

ಈಗ ಅವಳು ದಿನಾ ಬೆಳಿಗ್ಗೆ ಮೊದಲು ಬಗ್ಗಿ ಕಾಕು ತೆರೆಯುತ್ತಾಳೆ, ತೆರೆದಿದೆಯೇ ಎಂದು ಕೈಯಿಟ್ಟು ನೋಡುತ್ತಾಳೆ, ಆಮೇಲೆ ಬಡಿಯುತ್ತಾಳೆ. ಹೊಸ ಬಾಯ್ಲರ್‌ನವನು ಎಣಿಸುವುದಿಲ್ಲ. ಎಷ್ಟು ಹೊತ್ತಮ್ಮ ನಿಮ್ಮದು ಎಂದು ಅಂಗಳದಿಂದಲೇ ಕೂಗುತ್ತಾನೆ. ಈ ನಡುವೆ ಒಮ್ಮೆ ಸೂಪರ್‌ವೈಸರ್ ಬಾಗಿಲಿನಿಂದ ಕರೆದಾಗಲೂ ಅವಳು ತಿರುಗಿ ನೋಡಲಿಲ್ಲ. ಕಾಕಿನ ಹಿಡಿಕೆಯ ಮೇಲೆ ಕೈ ಇಟ್ಟು, ಬುಸುಗುಟ್ಟುವ ಹೊಗೆ ತೆಳುವಾಗುವವರೆಗೆ ಬಗ್ಗಿಯೇ ನಿಂತಿದ್ದಳು.

ಒಂದು ದಿನ ಚರಂಡಿಯ ಬಾಯಿಗೆ ಬಕೆಟ್ ಇಟ್ಟು ನೀರನ್ನು ಹಿಡಿದಳು. ಆರಿದ ಮೇಲೆ ಸಾಬೂನು ಅಳೆಯುವ ಲೀಟರ್ ಜಗ್ಗಿನಿಂದ ಅಳೆದಳು. ಎರಡೂವರೆ ಇರಲಿಲ್ಲ. ಮೂರರ ಹತ್ತಿರ ಇತ್ತು. ಅವಳು ಹಾಗೇ ಗೋಡೆಗೆ ಒರಗಿ ನಿಂತು ಯೋಚಿಸಿದಳು. ಹೌದು, ಪುಸ್ತಕದ ಲೆಕ್ಕದಲ್ಲಿ ಪೈಪು ಸುತ್ತಲಿನ ಗಾಳಿಗೆ ಕಳೆದುಕೊಳ್ಳುವ ಉಷ್ಣವನ್ನು ಹಿಡಿದಿರುವುದಿಲ್ಲ. ಅದನ್ನೂ ಕೊಟ್ಟದ್ದು ಹಬೆಯೇ. ಅದಕ್ಕೇ ಅರ್ಧ ಲೀಟರ್ ಹೆಚ್ಚು. ಯಾರೂ ಹೇಳಿಕೊಡದೆ ಇದು ತನಗೇ ಹೊಳೆಯಬಲ್ಲದೆಂದು ಅವಳು ಎಣಿಸಿರಲಿಲ್ಲ. ಮತ್ತೊಮ್ಮೆ ಅಳೆಯಬೇಕು ಅನ್ನಿಸಿತು, ಅಳೆಯಲಿಲ್ಲ. ಇದನ್ನು ಕೇಳಿದರೆ ಅವನು ಏನನ್ನುತ್ತಿದ್ದ ಎಂಬುದೂ ಅವಳಿಗೆ ಗೊತ್ತಿತ್ತು: ಅರ್ಧ ಏನು, ಬದನೆಕಾಯಾ?

ಭಾನುವಾರಕ್ಕೆ ಇನ್ನೂ ಎರಡು ದಿನವಿತ್ತು, ಆದರೆ ಆ ಮನೆಗೆ ಅವಳು ಹೋಗುವಂತಿರಲಿಲ್ಲ. ಅವಳು ನೀರನ್ನು ಚರಂಡಿಗೆ ಸುರಿದು, ಬಕೆಟ್ಟನ್ನು ಗೋಡೆಗೆ ಬೋರಲು ಹಾಕಿ, ಒದ್ದೆ ಬಟ್ಟೆಯ ಗಾಡಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.